ಬೆನ್ನುಮೂಳೆಯ ಚಲನೆಯ ಮೂರು ಸೂತ್ರಗಳು: ಹೊರೆ ಎತ್ತುವ ಬೆಳೆಗಾರರಿಗೊಂದು ಪಾಠ

ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಯಾವಾಗ ಹೊಡೆಯಬೇಕು, ಕಾಯಿಕೊರಕ ಬಿದ್ದ ಕಾಫಿಯನ್ನು ಏನು ಮಾಡಬೇಕು ಎಂಬುದನ್ನು ನಮ್ಮ ಬೆಳೆಗಾರ ಬಂಧುಗಳು ಚೆನ್ನಾಗಿ ಬಲ್ಲರು. ಆದರೆ ಆ ದ್ರಾವಣವನ್ನು ಹೊತ್ತು ತಿರುಗುವ, ಆ ಕಾಫಿಯ ಮೂಟೆಯನ್ನು ಎತ್ತುವ ಬೆನ್ನಿನ ವಿಷಯ ನಮಗೆ ನೆನಪಾಗುವುದು ಅದು ನೋಯಲು ತೊಡಗಿದ ಮೇಲೆಯೇ. ಪಂಪ್‌ಸೆಟ್ಟು ಕೆಟ್ಟರೆ ರಿಪೇರಿಗೆ ಜನ ಸಿಗುತ್ತಾರೆ. ಕೊಯ್ಲಿನ ಕಾಲದಲ್ಲಿ ಯಜಮಾನನ ಬೆನ್ನು ಹಿಡಿದುಕೊಂಡರೆ ಸಣ್ಣ ಹಿಡುವಳಿದಾರನ ಮನೆಯಲ್ಲಿ ಕೆಲಸವೇ ನಿಂತುಹೋಗುತ್ತದೆ. ಆದ್ದರಿಂದ ಈ ಸಂಚಿಕೆಯ ಪಾಠಕ್ಕೆ ನಾವು ಬೆನ್ನುಮೂಳೆಯನ್ನೇ ಆರಿಸಿಕೊಂಡಿದ್ದೇವೆ.

ಉದಾಹರಣೆಗೆ, ಮಂಡ್ಯ ಪಟ್ಟಣಕ್ಕೆ ಅಂಟಿಕೊಂಡಿರುವ ಗುತ್ತಲನ್ನು ತೆಗೆದುಕೊಳ್ಳೋಣ. ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳದು ವಿಶ್ವೇಶ್ವರಯ್ಯ ನಾಲೆಯ ಸೀಮೆ. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾದ ಮೇಲೆ ಕಬ್ಬು ಈ ಭಾಗದ ಮುಖ್ಯ ಬೆಳೆಯಾಯಿತು. ಇಲ್ಲಿಯ ರೈತನು ಕಬ್ಬಿನ ಹೊರೆ ಎತ್ತುತ್ತಾನೆ, ತೆಂಗಿನಕಾಯಿಯ ಚೀಲ ಹೊರುತ್ತಾನೆ, ಗೊಬ್ಬರದ ಮಂಕರಿ ಎತ್ತಿ ಗಾಡಿಗೆ ಸುರಿಯುತ್ತಾನೆ. ಹೆಣ್ಣುಮಕ್ಕಳು ಸೊಂಟ ಬಗ್ಗಿಸಿ ದಿನವಿಡೀ ಭತ್ತದ ನಾಟಿ ಹಾಕುತ್ತಾರೆ. ಮಲೆನಾಡಿನಲ್ಲಿ ಇದೇ ಕೆಲಸವನ್ನು ಅಡಿಕೆ ಗೊನೆ, ಕಾಫಿ ಮೂಟೆಗಳು ಮಾಡಿಸುತ್ತವೆ. ಬೆಳೆ ಬೇರೆಯಾದರೂ ಬೆನ್ನು ಒಂದೇ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2020ರಲ್ಲಿ ಜಗತ್ತಿನಲ್ಲಿ 61 ಕೋಟಿ 90 ಲಕ್ಷ ಜನರಿಗೆ ಸೊಂಟನೋವು ಇತ್ತು.

ಈ ಪಾಠದಿಂದ ಒಂದೇ ಒಂದು ಮಾತನ್ನು ಮನದಟ್ಟು ಮಾಡಿಕೊಂಡರೆ ಸಾಕು: ಬಗ್ಗಿದ ಬೆನ್ನನ್ನು ಹೊರೆಯೊಡನೆ ತಿರುಚಕೂಡದು. ಇದಕ್ಕೆ ಕಾರಣವೇನೆಂಬುದನ್ನು ಮುಂದೆ ನೋಡೋಣ.

ಬೆನ್ನುಮೂಳೆಯ ರಚನೆ

ಬೆನ್ನುಮೂಳೆ ಎಂದರೆ ಒಂದೇ ಎಲುಬಲ್ಲ. ಅದು ಒಂದರ ಮೇಲೊಂದು ಕೂತ ಮಣಿಗಳ ಸಾಲು. ಕುತ್ತಿಗೆಯಲ್ಲಿ 7, ಎದೆಯ ಹಿಂಭಾಗದಲ್ಲಿ 12, ಸೊಂಟದಲ್ಲಿ 5, ಹೀಗೆ ಅಲುಗಾಡುವ ಮಣಿಗಳು ಒಟ್ಟು 24. ಅವುಗಳ ಕೆಳಗೆ ಬೆಸೆದುಕೊಂಡ ತ್ರಿಕಾಸ್ಥಿಯೂ ಬಾಲದ ಎಲುಬೂ ಇವೆ. ಮಣಿ ಮಣಿಗಳ ನಡುವೆ ಒಂದೊಂದು ಮೆತ್ತೆ ಇದೆ. ಇದನ್ನೇ ವೈದ್ಯರು ಡಿಸ್ಕ್ ಎನ್ನುವುದು. ಡಿಸ್ಕಿನ ಸುತ್ತ ಗಟ್ಟಿ ನಾರಿನ ಪದರಗಳೂ, ನಡುವೆ ನೀರು ಹಿಡಿದ ಲೋಳೆಯಂತಹ ತಿರುಳೂ ಇರುತ್ತವೆ. ಹೊರೆ ಬಿದ್ದಾಗ ತಿರುಳು ಒತ್ತುತ್ತದೆ, ನಾರು ತಡೆಯುತ್ತದೆ.

ಪ್ರತಿ ಮಣಿಯ ಹಿಂಬದಿಯಲ್ಲಿ ಎಡಕ್ಕೊಂದು ಬಲಕ್ಕೊಂದು ಚಿಕ್ಕ ಕೀಲು ಇದೆ. ಮಣಿ ಯಾವ ಕಡೆಗೆ ಎಷ್ಟು ಚಲಿಸಬಹುದೆಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಈ ಕೀಲುಗಳ ಮುಖವೇ. ಸೊಂಟದಲ್ಲಿ ಇವು ಬಾಗಿಲ ಚೌಕಟ್ಟಿನ ನಿಲುವುಗಳಂತೆ ಎರಡೂ ಬದಿಗೆ ನಿಂತಿವೆ. ಹಾಗಾಗಿ ಸೊಂಟವು ಮುಂದಕ್ಕೂ ಹಿಂದಕ್ಕೂ ಸಲೀಸಾಗಿ ಬಾಗುತ್ತದೆ, ಆದರೆ ತಿರುಗುವುದು ಬಹಳ ಕಡಿಮೆ. ಸೊಂಟದ ಒಂದೊಂದು ಕೀಲು ಒಂದು ಬದಿಗೆ ತಿರುಗುವುದು ಸುಮಾರು 1ರಿಂದ 3 ಡಿಗ್ರಿ ಮಾತ್ರ. ನಾವು ‘ಸೊಂಟ ತಿರುಗಿಸಿದೆ’ ಎನ್ನುವಾಗ ನಿಜವಾಗಿ ತಿರುಗುವುದು ಹೆಚ್ಚಾಗಿ ಎದೆಯ ಭಾಗದ ಬೆನ್ನು ಮತ್ತು ತೊಡೆಯ ಕೀಲು.

ಮೂರು ಸೂತ್ರಗಳು

ಅಮೆರಿಕದ ಆಂಡ್ರ್ಯೂ ಟೇಲರ್ ಸ್ಟಿಲ್ ಎಂಬ ವೈದ್ಯರು 1874ರಲ್ಲಿ ಆಸ್ಟಿಯೋಪತಿ ಎಂಬ ವೈದ್ಯಪದ್ಧತಿಯನ್ನು ಸಾರಿದರು. 1892ರಲ್ಲಿ ಮಿಸ್ಸೂರಿ ರಾಜ್ಯದ ಕರ್ಕ್ಸ್‌ವಿಲ್ ಎಂಬಲ್ಲಿ ಅದರ ಶಾಲೆ ತೆರೆಯಿತು. ಎಲುಬು, ಕೀಲು, ಸ್ನಾಯುಗಳನ್ನು ಕೈಯಿಂದ ಮುಟ್ಟಿ ಪರೀಕ್ಷಿಸಿ ಸರಿಪಡಿಸುವುದಕ್ಕೆ ಈ ಪದ್ಧತಿಯಲ್ಲಿ ಪ್ರಾಧಾನ್ಯ. ಇದೇ ಪರಂಪರೆಯ ಹ್ಯಾರಿಸನ್ ಫ್ರೈಯೆಟ್ ಎಂಬುವರು 1918ರಲ್ಲಿ ಬೆನ್ನುಮೂಳೆಯ ಚಲನೆಯನ್ನು ಕುರಿತು ಎರಡು ಸೂತ್ರಗಳನ್ನು ಮುಂದಿಟ್ಟರು. 1948ರಲ್ಲಿ ಸಿ. ಆರ್. ನೆಲ್ಸನ್ ಮೂರನೆಯದನ್ನು ಸೇರಿಸಿದರು. ಮೊದಲಿನ ಎರಡು ಎದೆ ಮತ್ತು ಸೊಂಟದ ಭಾಗಕ್ಕೆ ಸಂಬಂಧಪಟ್ಟವು.

ಮೊದಲನೆಯ ಸೂತ್ರ: ಬೆನ್ನು ನೆಟ್ಟಗೆ ತನ್ನ ಸಹಜ ಭಂಗಿಯಲ್ಲಿರುವಾಗ ಪಕ್ಕಕ್ಕೆ ವಾಲಿದರೆ, ಮಣಿಗಳು ವಾಲಿದ ಕಡೆಗೆ ವಿರುದ್ಧವಾಗಿ ತಿರುಗುತ್ತವೆ. ಎಡಗೈಯಲ್ಲಿ ಖಾಲಿ ಕೊಡ ಹಿಡಿದು ಎಡಕ್ಕೆ ವಾಲಿದರೆ ಮಣಿಗಳ ಮುಖ ತುಸು ಬಲಕ್ಕೆ ಹೊರಳುತ್ತದೆ. ಇಲ್ಲಿ ಹಲವು ಮಣಿಗಳು ಗುಂಪಾಗಿ ಚಲಿಸುವುದರಿಂದ ಕೆಲಸವೂ ಹಲವರಲ್ಲಿ ಹಂಚಿಹೋಗುತ್ತದೆ.

ಎರಡನೆಯ ಸೂತ್ರ: ಬೆನ್ನು ಮುಂದಕ್ಕೋ ಹಿಂದಕ್ಕೋ ಚೆನ್ನಾಗಿ ಬಾಗಿರುವಾಗ ಪಕ್ಕಕ್ಕೆ ವಾಲಿದರೆ, ಮಣಿಯು ವಾಲಿದ ಕಡೆಗೇ ತಿರುಗುತ್ತದೆ. ಇಲ್ಲಿ ಗುಂಪಿಗೆ ಬದಲು ಒಂದು ಮಣಿಯ ಮಟ್ಟದಲ್ಲಿಯೇ ಚಲನೆ ನಡೆಯುತ್ತದೆ. ಬಗ್ಗಿಕೊಂಡು ಪಕ್ಕದ ಮೂಟೆಗೆ ಕೈ ಚಾಚಿದಾಗ ‘ಚಳಕ್’ ಎಂದು ಒಂದೇ ಕಡೆ ಹಿಡಿದುಕೊಳ್ಳುವುದನ್ನು ಆಸ್ಟಿಯೋಪತಿಯವರು ಈ ಸೂತ್ರದಿಂದ ವಿವರಿಸುತ್ತಾರೆ.

ಮೂರನೆಯ ಸೂತ್ರ: ಒಂದು ದಿಕ್ಕಿನಲ್ಲಿ ಚಲನೆ ನಡೆದರೆ ಉಳಿದ ದಿಕ್ಕುಗಳಲ್ಲಿ ಚಲನೆಗೆ ಇರುವ ಅವಕಾಶ ಕಡಿಮೆಯಾಗುತ್ತದೆ. ಬೆನ್ನು ಪೂರ್ತಿ ಬಗ್ಗಿದ್ದರೆ ತಿರುಗಲು ಸ್ಥಳ ಉಳಿಯುವುದಿಲ್ಲ, ಪೂರ್ತಿ ತಿರುಗಿದ್ದರೆ ಬಗ್ಗಲು ಸ್ಥಳ ಉಳಿಯುವುದಿಲ್ಲ. ಬೆನ್ನಿನ ಚಲನೆಯನ್ನು ಜೇಬಿನಲ್ಲಿರುವ ಹಣಕ್ಕೆ ಹೋಲಿಸಬಹುದು. ಬಗ್ಗುವುದಕ್ಕೆ ಖರ್ಚು ಮಾಡಿದ್ದು ತಿರುಗುವುದಕ್ಕೆ ಸಿಗದು. ಕೈಯಲ್ಲಿ ಇಲ್ಲದ್ದನ್ನು ಖರ್ಚು ಮಾಡಲು ಹೋದಾಗ ಬೀಳುವ ಸಾಲವನ್ನು ನಾರು ಮತ್ತು ಕೀಲುಗಳು ತೀರಿಸಬೇಕಾಗುತ್ತದೆ.

ಮಾಡಿ ನೋಡಿ

ಮೂರನೆಯ ಸೂತ್ರವನ್ನು ನಮ್ಮ ಮಾತಿನ ಮೇಲೆ ನಂಬಬೇಕಾಗಿಲ್ಲ. ಬೆನ್ನುನೋವು ಇಲ್ಲದವರು ಒಂದು ಸ್ಟೂಲಿನ ಮೇಲೆ ನೆಟ್ಟಗೆ ಕುಳಿತುಕೊಳ್ಳಿ. ಕೈಗಳನ್ನು ಎದೆಯ ಮೇಲೆ ಕಟ್ಟಿ, ಕುಂಡಿಯನ್ನು ಕದಲಿಸದೆ, ನಿಧಾನವಾಗಿ ಬಲಕ್ಕೆ ತಿರುಗಿ. ಕಣ್ಣಿಗೆ ಎದುರಾಗಿ ಬಂದ ಗೋಡೆಯ ಗುರುತನ್ನು ನೆನಪಿಟ್ಟುಕೊಂಡು ಮೊದಲಿನ ಸ್ಥಿತಿಗೆ ಬನ್ನಿ. ಈಗ ಬೆನ್ನನ್ನು ಮುಂದಕ್ಕೆ ಗೂನು ಮಾಡಿ ಕುಳಿತು ಅದೇ ರೀತಿ ತಿರುಗಿ. ಮೊದಲಿನ ಗುರುತಿಗಿಂತ ಹಿಂದೆಯೇ ತಡೆ ಸಿಗುವುದು ನಿಮಗೇ ತಿಳಿಯುತ್ತದೆ. ಒತ್ತಾಯದಿಂದ ತಿರುಗಬೇಡಿ. ಆ ತಡೆಯೇ ಈ ಪಾಠದ ಸಾರ.

ಈ ಸೂತ್ರಗಳನ್ನು ಎಷ್ಟರಮಟ್ಟಿಗೆ ನಂಬಬೇಕು?

ಮುಂದೆ ಬಂದ ಎಕ್ಸ್‌ರೇ ಮತ್ತು ಸ್ಕ್ಯಾನ್ ಅಧ್ಯಯನಗಳು ಮೊದಲ ಎರಡು ಸೂತ್ರಗಳನ್ನು ಪೂರ್ತಿಯಾಗಿ ಎತ್ತಿಹಿಡಿದಿಲ್ಲ. ವಾಲುವುದಕ್ಕೂ ತಿರುಗುವುದಕ್ಕೂ ನಂಟಿದೆ ಎಂಬುದು ನಿಜ. ಆದರೆ ಅದು ಎಲ್ಲ ಮನುಷ್ಯರಲ್ಲೂ ಒಂದೇ ತೆರನಾಗಿಲ್ಲ, ಒಂದೇ ಬೆನ್ನಿನ ಎಲ್ಲ ಮಣಿಗಳಲ್ಲೂ ಒಂದೇ ತೆರನಾಗಿಲ್ಲ. ಆದುದರಿಂದ ಈ ಎರಡನ್ನು ಕಲಿಯುವವರಿಗೆ ದಾರಿ ತೋರುವ ಕೈಮರವೆಂದು ತಿಳಿಯಬೇಕೇ ಹೊರತು ಅಳತೆಗೋಲೆಂದಲ್ಲ. ಮೂರನೆಯ ಸೂತ್ರ ಮಾತ್ರ ಇಂದಿಗೂ ಬಹುಮಟ್ಟಿಗೆ ನಿಂತಿದೆ. ನಮ್ಮ ಕೆಲಸಕ್ಕೆ ಬೇಕಾದದ್ದೂ ಅದೇ.

ಅದಕ್ಕೆ ಹೊರಗಿನ ಆಧಾರವೂ ಇದೆ. 1984ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮಂಡಿ ಮಡಿಸದೆ ಮೈ ತಿರುಚಿ ಭಾರ ಎತ್ತುವ ಕೆಲಸಗಾರರಲ್ಲಿ ಸೊಂಟದ ಡಿಸ್ಕ್ ಹೊರಚಾಚುವ ಅಪಾಯ ಹಲವು ಪಟ್ಟು ಹೆಚ್ಚಾಗಿ ಕಂಡುಬಂತು.

ಭಾರದ ಲೆಕ್ಕ

ಜರ್ಮನಿಯಲ್ಲಿ ಒಬ್ಬ ಸ್ವಯಂಸೇವಕನ ಸೊಂಟದ ಡಿಸ್ಕಿನೊಳಗೆ ಒತ್ತಡ ಅಳೆಯುವ ಸಾಧನವನ್ನು ಇಟ್ಟು ಮಾಡಿದ ಪ್ರಯೋಗ 1999ರಲ್ಲಿ ಪ್ರಕಟವಾಯಿತು. ಸುಮ್ಮನೆ ನಿಂತಾಗಿನ ಒತ್ತಡವನ್ನು 1 ಎಂದಿಟ್ಟುಕೊಂಡರೆ, 20 ಕಿಲೋ ಭಾರವನ್ನು ಬೆನ್ನು ಗೂನು ಮಾಡಿ ಎತ್ತಿದಾಗ ಅದು ಸುಮಾರು ನಾಲ್ಕೂವರೆ ಪಟ್ಟಾಯಿತು. ಮಂಡಿ ಮಡಿಸಿ, ಬೆನ್ನು ನೆಟ್ಟಗಿಟ್ಟು ಎತ್ತಿದಾಗ ಸುಮಾರು ಮೂರೂವರೆ ಪಟ್ಟಾಯಿತು. ಅದೇ ಭಾರವನ್ನು ಮೈಗೆ ಒತ್ತಿ ಹಿಡಿದು ನಿಂತಾಗ ಎರಡು ಪಟ್ಟಿಗಿಂತ ತುಸು ಹೆಚ್ಚು. ಎದೆಯಿಂದ 60 ಸೆಂಟಿಮೀಟರ್ ದೂರ ಹಿಡಿದಾಗ ಮತ್ತೆ ಮೂರೂವರೆ ಪಟ್ಟು. ಭಾರ ಒಂದೇ ಇದ್ದರೂ ಅದು ಮೈಯಿಂದ ದೂರ ಹೋದಷ್ಟೂ ಬೆನ್ನಿಗೆ ಹೆಚ್ಚು ತೂಗುತ್ತದೆ ಎಂಬುದು ಇದರಿಂದ ಸ್ಪಷ್ಟ. ತಕ್ಕಡಿಯ ದಂಡ ಕಂಡವರಿಗೆ ಇದು ಹೊಸದೇನಲ್ಲ.

ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆಯೊಂದು 1991ರಲ್ಲಿ ಎತ್ತುವ ಭಾರಕ್ಕೆ ಒಂದು ಲೆಕ್ಕ ಕೊಟ್ಟಿತು. ಭಾರವು ಮೈಗೆ ಹತ್ತಿರ, ಕೈ ಇಳಿಬಿಟ್ಟ ಎತ್ತರದಲ್ಲಿ, ಎದುರಿಗೇ ಇದ್ದು, ಆಗೊಮ್ಮೆ ಈಗೊಮ್ಮೆ ಎತ್ತುವುದಾದರೆ ಮಿತಿ 23 ಕಿಲೋ. ಭಾರದ ನಡುವು ಕಾಲ ಹರಡಿನಿಂದ 50 ಸೆಂಟಿಮೀಟರ್ ಮುಂದಿದ್ದರೆ ಈ ಮಿತಿ ಅರ್ಧವಾಗಿ ಹನ್ನೊಂದೂವರೆ ಕಿಲೋಗೆ ಇಳಿಯುತ್ತದೆ. ಅದರ ಮೇಲೆ ಮೈಯನ್ನು ಪೂರ್ತಿ ಪಕ್ಕಕ್ಕೆ, ಅಂದರೆ 90 ಡಿಗ್ರಿ ತಿರುಚಿದರೆ ಸುಮಾರು 8 ಕಿಲೋಗೆ ಇಳಿಯುತ್ತದೆ. ನೆಲದಿಂದ ಎತ್ತುವುದಾದರೆ ಇನ್ನೂ ಕಡಿಮೆ.

ಈಗ ನಮ್ಮ 50 ಕಿಲೋ ಮೂಟೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 1967ರಲ್ಲೇ, ಒಬ್ಬ ವಯಸ್ಕ ಗಂಡಾಳು ಹೊರುವ ಭಾರ 55 ಕಿಲೋಗಿಂತ ಹೆಚ್ಚಿರುವ ಕಡೆ ಅದನ್ನು ಆದಷ್ಟು ಬೇಗ ಆ ಮಟ್ಟಕ್ಕೆ ಇಳಿಸಬೇಕೆಂದು ಶಿಫಾರಸು ಮಾಡಿತು. 55 ಎಂಬುದು ದಾಟಬಾರದ ಗೆರೆ. ಅಷ್ಟು ಹೊತ್ತರೆ ಕ್ಷೇಮ ಎಂದು ಅದರ ಅರ್ಥವಲ್ಲ.

ನಮ್ಮ ದಿನದ ಕೆಲಸಗಳಲ್ಲಿ

ಕಬ್ಬಿನ ಹೊರೆ, ಮೂಟೆ ತುಂಬುವುದು: ಸಾಮಾನ್ಯವಾಗಿ ನಾವು ಹೊರೆಗೂ ಗಾಡಿಗೂ ನಡುವೆ ಕಾಲೂರಿ ನಿಂತು, ಬಗ್ಗಿ ಹಿಡಿದು, ಕಾಲು ಕದಲಿಸದೆ ಮೈ ತಿರುಚಿ ಮೇಲಕ್ಕೆ ಎಸೆಯುತ್ತೇವೆ. ಬಗ್ಗುವುದು, ವಾಲುವುದು, ತಿರುಚುವುದು ಮೂರೂ ಒಂದೇ ಏಟಿಗೆ ಆಗುತ್ತವೆ. ಇದರ ಬದಲು ಹೊರೆಯ ಎದುರಿಗೆ ನಿಂತು, ಮಂಡಿ ಮಡಿಸಿ, ಹೊರೆಯನ್ನು ಮೈಗೆ ಎಳೆದುಕೊಂಡು ಮೊದಲು ನೆಟ್ಟಗೆ ಏಳಬೇಕು. ಆಮೇಲೆ ಎರಡು ಹೆಜ್ಜೆ ಇಟ್ಟು ಗಾಡಿಯ ಕಡೆ ಕಾಲಿನಿಂದ ತಿರುಗಬೇಕು. ಹೊರೆಯನ್ನೂ ಗಾಡಿಯನ್ನೂ ಎರಡು ಹೆಜ್ಜೆ ದೂರ ಇಟ್ಟರೆ ಕಾಲು ತಾನಾಗಿಯೇ ತಿರುಗುತ್ತದೆ. ತೀರ ಹತ್ತಿರವಿದ್ದರೆ ಸೊಂಟ ತಿರುಗುತ್ತದೆ.

ಬೆನ್ನಿನ ಸ್ಪ್ರೇಯರ್: 16 ಲೀಟರಿನ ಡಬ್ಬಿಯಲ್ಲಿ ನೀರೇ 16 ಕಿಲೋ, ಮೇಲೆ ಡಬ್ಬಿಯ ತೂಕ. ನೆಲದ ಮೇಲಿಟ್ಟ ಡಬ್ಬಿಯನ್ನು ಒಂದೇ ತೋಳಿಗೆ ಸಿಕ್ಕಿಸಿ ಬೆನ್ನಿಗೆ ಎಳೆದುಕೊಳ್ಳುವ ಕ್ಷಣವೇ ಅಪಾಯದ್ದು. ಸೊಂಟದೆತ್ತರದ ಕಟ್ಟೆಯ ಮೇಲೆ ಡಬ್ಬಿ ಇಟ್ಟು ತುಂಬಿಸಿ, ಅದಕ್ಕೆ ಬೆನ್ನು ಮಾಡಿ ನಿಂತು ಎರಡೂ ಪಟ್ಟಿ ಹಾಕಿಕೊಂಡು ಹೆಜ್ಜೆ ಮುಂದಿಡಿ.

ಬಗ್ಗಿಯೇ ಇರುವ ಕೆಲಸ: ನಾಟಿ, ಕಳೆ, ಉದುರಿದ ಅಡಿಕೆ ಹೆಕ್ಕುವುದು, ಕೂತು ಅಡಿಕೆ ಸುಲಿಯುವುದು, ಇವುಗಳಲ್ಲಿ ಭಾರವಿಲ್ಲ. ಆದರೆ ಬಹಳ ಹೊತ್ತು ಬಗ್ಗಿದ್ದರೆ ಬೆನ್ನಿನ ಹಿಂಬದಿಯ ಕಟ್ಟುನಾರುಗಳು ಸಡಿಲುತ್ತವೆ. ಎದ್ದ ಕೂಡಲೇ ಅವು ಮೊದಲಿನ ಬಿಗಿಗೆ ಬರುವುದಿಲ್ಲ. ಆದ್ದರಿಂದ ಅರ್ಧ ಗಂಟೆಗೊಮ್ಮೆ ಎದ್ದು, ಸೊಂಟದ ಮೇಲೆ ಕೈಯಿಟ್ಟು ನಿಧಾನವಾಗಿ ನಾಲ್ಕು ಸಲ ಹಿಂದಕ್ಕೆ ಬಾಗಿ. ಸುಲಿಯುವುದನ್ನು ಮುಗಿಸಿ ಎದ್ದವರು ಆ ಕ್ಷಣವೇ ಮೂಟೆಗೆ ಕೈ ಹಾಕಕೂಡದು. ನಾಲ್ಕು ಹೆಜ್ಜೆ ಓಡಾಡಿ ಆಮೇಲೆ ಎತ್ತಿ.

ಬೆಳಗಿನ ಹೊತ್ತು: ರಾತ್ರಿ ಮಲಗಿದಾಗ ಡಿಸ್ಕುಗಳು ನೀರು ಹೀರಿ ಉಬ್ಬುತ್ತವೆ. ಬೆಳಿಗ್ಗೆ ಮನುಷ್ಯ ಒಂದೆರಡು ಸೆಂಟಿಮೀಟರ್ ಎತ್ತರ ಇರುವುದು ಇದರಿಂದಲೇ. ಉಬ್ಬಿದ ಡಿಸ್ಕಿಗೆ ಬಗ್ಗುವಿಕೆ ಹೆಚ್ಚು ಬಿಗಿ. ಬಹುದಿನದ ಸೊಂಟನೋವು ಇದ್ದವರು ಬೆಳಗಿನ ಮೊದಲ ಹೊತ್ತಿನಲ್ಲಿ ಬಗ್ಗುವುದನ್ನು ಬಿಟ್ಟಾಗ ನೋವು ಕಡಿಮೆಯಾಯಿತೆಂದು 1998ರ ಒಂದು ಅಧ್ಯಯನ ತೋರಿಸಿತು. ಎದ್ದ ಕೂಡಲೇ ಕೊಟ್ಟಿಗೆ ಬಾಚಿ ಸೆಗಣಿ ಮಂಕರಿ ಎತ್ತುವುದರ ಬದಲು, ಮೊದಲು ತೋಟದಲ್ಲಿ ಒಂದು ಸುತ್ತು ಹಾಕಿ ನೀರು ನೋಡಿ ಬರುವುದು ಒಳ್ಳೆಯದು.

ಇನ್ನೊಂದು ಮಾತನ್ನೂ ಹೇಳಲೇಬೇಕು. ಎತ್ತುವ ವಿಧಾನವನ್ನು ಬರಿಯ ಬಾಯಿಮಾತಿನಲ್ಲಿ ಕಲಿಸಿದರೆ ಬೆನ್ನುನೋವು ತಪ್ಪುವುದಿಲ್ಲವೆಂದು ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದವರು ಹೇಳಿದ್ದಾರೆ. ಅವಸರದಲ್ಲಿ ಮೈ ಹಳೆಯ ಚಾಳಿಗೇ ಹೋಗುತ್ತದೆ. ಆದ್ದರಿಂದ ಕೆಲಸದ ಏರ್ಪಾಡನ್ನೇ ಬದಲಿಸುವುದು ಜಾಣತನ. ಮೂಟೆಯನ್ನು ಅರ್ಧವೇ ತುಂಬಿ, ಇಲ್ಲವೆ ಇಬ್ಬರು ಎತ್ತಿ. ಕಣದ ಪಕ್ಕದಲ್ಲಿ ಸೊಂಟದೆತ್ತರದ ಒಂದು ಕಟ್ಟೆ ಕಟ್ಟಿಸಿ. ಒಂದು ಚಕ್ರದ ಕೈಗಾಡಿ ಇಟ್ಟುಕೊಳ್ಳಿ. ಮನೆಯವರಿಗೆ ಹೇಗೋ ಕೂಲಿಯಾಳುಗಳಿಗೂ ಇದೇ ನಿಯಮ. ಅವರ ಬೆನ್ನೂ ಬೆನ್ನೇ.

ನೋವು ಬಂದಾಗ

ಹಠಾತ್ತಾಗಿ ಬಂದ ಸೊಂಟನೋವು ಹೆಚ್ಚಿನವರಲ್ಲಿ ಕೆಲವು ವಾರಗಳೊಳಗೆ ತಾನಾಗಿ ತಗ್ಗುತ್ತದೆ. ದಿನಗಟ್ಟಲೆ ಮಲಗಬೇಡಿ. ತಡೆಯುವಷ್ಟು ನಡೆದಾಡಿ, ಭಾರ ಮಾತ್ರ ಬೇಡ. ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ಬಹುದಿನದ ಸೊಂಟನೋವಿಗೆ ತಿಳಿವಳಿಕೆ ಮತ್ತು ವ್ಯಾಯಾಮಗಳನ್ನು ಶಿಫಾರಸು ಮಾಡಿದೆ. ಬೆನ್ನುಮೂಳೆಯ ಕೈಚಿಕಿತ್ಸೆಯನ್ನೂ ಮಾಲೀಸನ್ನೂ ಕೆಲವರಿಗೆ ಉಪಯೋಗವಾಗಬಹುದಾದವುಗಳ ಸಾಲಿನಲ್ಲಿ ಸೇರಿಸಿದೆ. ಸೊಂಟಪಟ್ಟಿ ಕಟ್ಟುವುದನ್ನೂ ತೂಕ ಕಟ್ಟಿ ಎಳೆಯುವುದನ್ನೂ ವಾಡಿಕೆಯ ಚಿಕಿತ್ಸೆಯಾಗಿ ಬೇಡವೆಂದಿದೆ. ಆಸ್ಟಿಯೋಪತಿಯ ಕೈಚಿಕಿತ್ಸೆಯನ್ನು ಫ್ರಾನ್ಸಿನಲ್ಲಿ 400 ರೋಗಿಗಳಲ್ಲಿ ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದ ವರದಿಯಲ್ಲಿ ತೋರಿಕೆಯ ಚಿಕಿತ್ಸೆಗಿಂತ ಸಿಕ್ಕ ಲಾಭ ಅಲ್ಪವೇ ಆಗಿತ್ತು. ಸೂತ್ರ ಚೆನ್ನಾಗಿದೆ ಎಂದ ಮಾತ್ರಕ್ಕೆ ಚಿಕಿತ್ಸೆಯಿಂದ ಪವಾಡ ನಿರೀಕ್ಷಿಸಬಾರದು.

ಕಾಲು ಮುಂದಾಗಿ ಹುಟ್ಟಿದವರಿಂದ ಬೆನ್ನಿಗೆ ಒದೆಸಿಕೊಂಡರೆ ಉಳುಕು ಹೋಗುತ್ತದೆಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿದೆ. ತಗ್ಗುವ ಕಾಲಕ್ಕೆ ತಗ್ಗಿದ ನೋವಿನ ಕೀರ್ತಿ ಒದ್ದವರಿಗೆ ಹೋಗುತ್ತದೆ, ಅಷ್ಟೆ. ಡಿಸ್ಕ್ ಚಾಚಿರುವವರಿಗೆ, ಎಲುಬು ಸವೆದ ವಯಸ್ಸಾದವರಿಗೆ ಒದೆತವಾಗಲಿ ಗುಂಜಾಡುವುದಾಗಲಿ ಕೂಡದು.

ಕೆಳಗಿನ ಯಾವ ಲಕ್ಷಣ ಕಂಡರೂ ಮನೆಮದ್ದಿಗೆ ಕಾಯದೆ ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗತಕ್ಕದ್ದು: ಮೂತ್ರ ಕಟ್ಟುವುದು ಅಥವಾ ತಿಳಿಯದೆ ಹೋಗುವುದು, ಮಲದ ಹಿಡಿತ ತಪ್ಪುವುದು, ತೊಡೆಸಂದಿಯ ಸುತ್ತ ಜೋಮು, ಕಾಲು ಬಲಹೀನವಾಗಿ ಪಾದ ಎಳೆಯುವುದು. ನೋವಿನೊಡನೆ ಜ್ವರ, ತೂಕ ಇಳಿಯುವುದು, ರಾತ್ರಿ ಬೆವರುವುದು ಇದ್ದರೆ ಬೆನ್ನುಮೂಳೆಯ ಕ್ಷಯ ಇರಬಹುದು. ಅದಕ್ಕೂ ತಡಮಾಡದೆ ವೈದ್ಯರನ್ನು ಕಾಣಬೇಕು.

ಮರದಿಂದ ಬಿದ್ದವರನ್ನು ಎತ್ತುವ ಕ್ರಮ

ಅಡಿಕೆ ಮರದಿಂದ, ತೆಂಗಿನ ಮರದಿಂದ ಬಿದ್ದವರನ್ನು ಕಂಡಾಗ ನಮ್ಮ ಮೊದಲ ಬುದ್ಧಿ ಅವರನ್ನು ಎಬ್ಬಿಸಿ ಕೂರಿಸಿ ನೀರು ಕುಡಿಸುವುದು. ಇದು ಸಲ್ಲದು. ಮಣಿ ಮುರಿದಿದ್ದರೆ ಆ ಒಂದು ಬಗ್ಗುವಿಕೆ, ಒಂದು ತಿರುವು ಒಳಗಿನ ಬೆನ್ನುಹುರಿಗೆ ಪೆಟ್ಟು ಮಾಡಿ ಕಾಲುಗಳ ಶಕ್ತಿಯನ್ನೇ ಕಳೆಯಬಹುದು. 108ಕ್ಕೆ ಕರೆ ಮಾಡಿ. ಅವರು ಬರುವವರೆಗೆ ಒಬ್ಬರು ತಲೆಯ ಎರಡೂ ಬದಿ ಕೈಯಿಟ್ಟು ಅಲುಗದಂತೆ ಹಿಡಿದುಕೊಳ್ಳಲಿ. ಸರಿಸಲೇಬೇಕಾದ ಸಂದರ್ಭ ಬಂದರೆ ನಾಲ್ಕು ಜನ ಬೇಕು. ತಲೆ ಹಿಡಿದವರು ಹೇಳಿದ ಹಾಗೆ ಉಳಿದವರು ಭುಜ, ಸೊಂಟ, ಕಾಲು ಹಿಡಿದು, ಮರದ ದಿಮ್ಮಿ ಹೊರಳಿಸುವಂತೆ ಇಡೀ ಮೈಯನ್ನು ಒಟ್ಟಿಗೆ ಹೊರಳಿಸಿ ಕೆಳಗೆ ಹಲಗೆ ಸರಿಸಬೇಕು. ತಲೆ, ಎದೆ, ಸೊಂಟ ಒಂದೇ ಗೆರೆಯಲ್ಲಿರಬೇಕು. ಆಟೋದಲ್ಲಿ ಕೂರಿಸಿಕೊಂಡು ಹೋಗಬಾರದು.

ನೆನಪಿನಲ್ಲಿಡಬೇಕಾದ ಅಂಶಗಳು

1. ಬಗ್ಗುವುದು ಹೆಚ್ಚಿದಷ್ಟೂ ತಿರುಗುವ ಅವಕಾಶ ಕಡಿಮೆ. ಎರಡನ್ನೂ ಒಟ್ಟಿಗೆ ಮಾಡಬೇಡಿ.
2. ಮೊದಲು ಏಳಿ, ಆಮೇಲೆ ತಿರುಗಿ. ತಿರುಗುವುದು ಕಾಲಿನಿಂದ.
3. ಭಾರ ಮೈಗೆ ಹತ್ತಿರವಿರಲಿ, ನೆಲದ ಮೇಲಲ್ಲ, ಕಟ್ಟೆಯ ಮೇಲಿರಲಿ.
4. ಮೂಟೆ ಹಗುರ ಮಾಡಿ, ಇಲ್ಲವೆ ಇಬ್ಬರಾಗಿ ಎತ್ತಿ.
5. ಎದ್ದ ಕೂಡಲೇ ಮತ್ತು ಬಹಳ ಹೊತ್ತು ಬಗ್ಗಿದ ಕೂಡಲೇ ಭಾರ ಎತ್ತಬೇಡಿ.
6. ಮೂತ್ರ ಕಟ್ಟಿದರೆ, ಕಾಲು ಸೋತರೆ ಅದೇ ದಿನ ಆಸ್ಪತ್ರೆ.
7. ಬಿದ್ದವರನ್ನು ಕೂರಿಸಬೇಡಿ.

ಈ ಪಾಠವನ್ನು ಓದಿದವರು ಮನೆಯಲ್ಲಿ ಓದಲಾಗದ ಹಿರಿಯರಿಗೂ ತೋಟದ ಆಳುಗಳಿಗೂ ಸ್ಟೂಲಿನ ಪರೀಕ್ಷೆಯನ್ನು ಮಾಡಿ ತೋರಿಸಬೇಕೆಂದು ಕೋರುತ್ತೇವೆ. ಬರುವ ಕೊಯ್ಲಿಗೆ ಮುನ್ನ ಕಣದ ಪಕ್ಕದಲ್ಲಿ ಒಂದು ಕಟ್ಟೆ ಎದ್ದರೆ ನಮ್ಮ ಶ್ರಮ ಸಾರ್ಥಕ.